ಹೋಬಳಿ ಮಟ್ಟದ ಯಂತ್ರಮಾನವರು

ಡೆಟ್ರಾಯಿಟ್ ಎಂದೊಡನೆ ನೆನಪಾಗುವುದು ಮೋಟಾರು ಕಾರು. ಫೋರ್ಡ್, ಜನರಲ್ ಮೋಟಾರ್ಸ್, ಕ್ರೈಸ್ಲರ್ ಎಂಬ ಮೂರು ಹೆಸರುಗಳ ಸುತ್ತ ಬೆಳೆದ ಊರು ಅದು. ಒಂದು ಕಾಲಕ್ಕೆ ಜಗತ್ತಿಗೇ ಕಾರು ಮಾಡಿಕೊಟ್ಟು ಮೆರೆಯಿತು. 2009ರಲ್ಲಿ ಜನರಲ್ ಮೋಟಾರ್ಸ್ ಮತ್ತು ಕ್ರೈಸ್ಲರ್ ಎರಡೂ ದಿವಾಳಿ ಅರ್ಜಿ ಹಾಕಿದವು. 2013ರಲ್ಲಿ ನಗರವೇ ದಿವಾಳಿಯಾಯಿತು. ಹೀಗಾಗಿ ಮಿಶಿಗನ್ ರಾಜ್ಯಕ್ಕೆ ಹೋಗುವವರು ಪಾಳುಬಿದ್ದ ಕಾರ್ಖಾನೆಗಳನ್ನು ನೋಡುವ ನಿರೀಕ್ಷೆಯಲ್ಲೇ ಹೋಗುತ್ತಾರೆ. ಅಂಥವು ಕಾಣಸಿಗುವುದೂ ನಿಜ. ಆದರೆ ಫೆಬ್ರುವರಿ ಕಳೆದು ಹಿಮ ಕರಗತೊಡಗಿದಾಗ, ಶನಿವಾರಗಳಂದು ಅಲ್ಲಿನ ಹೈಸ್ಕೂಲುಗಳ ಮುಂದೆ ಕಾಣುವ ನೋಟವೇ ಬೇರೆ. ಕಾರು ನಿಲ್ಲಿಸಲು ಜಾಗವಿರುವುದಿಲ್ಲ. ಹಳದಿ ಶಾಲಾ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಕೂದಲಿಗೆ ಹಸಿರು, ನೀಲಿ ಬಣ್ಣ ಬಳಿದುಕೊಂಡ ಮಕ್ಕಳು ಕೈಗಾಡಿಗಳ ಮೇಲೆ ಯಂತ್ರಗಳನ್ನಿಟ್ಟು ತಳ್ಳಿಕೊಂಡು ಒಳಗೆ ಹೋಗುತ್ತಿರುತ್ತಾರೆ. ಒಳಗಿನಿಂದ ನಮ್ಮ ಜಾತ್ರೆಯ ಗದ್ದಲದಂಥದೇ ಗದ್ದಲ ಕೇಳಿಬರುತ್ತದೆ.

ಅದು ಯಂತ್ರಮಾನವರ ಪಂದ್ಯ. ಯಂತ್ರಮಾನವ ಎಂದರೆ ಕೈಕಾಲು, ಕಣ್ಣುಮೂಗು ಇರುವ ಗೊಂಬೆಯೆಂದು ಓದುಗರು ಭಾವಿಸಬಾರದು. ಇಲ್ಲಿನ ರೋಬೋ ಎಂದರೆ ಚಕ್ರಗಳ ಮೇಲೆ ಓಡುವ ಅಲ್ಯೂಮಿನಿಯಮ್ ಚೌಕಟ್ಟು. ಅದಕ್ಕೊಂದು ಎತ್ತುವ ತೋಳು, ಕೆಲವು ಮೋಟಾರು, ಒಂದು ಬ್ಯಾಟರಿ, ಒಂದು ಪುಟ್ಟ ಕಂಪ್ಯೂಟರು. ಮೊದಲ ಕೆಲವು ಸೆಕೆಂಡು ಅದು ಮಕ್ಕಳು ಬರೆದಿಟ್ಟ ಆದೇಶಗಳಂತೆ ತಾನೇ ಆಡುತ್ತದೆ. ಆಮೇಲೆ ಮಕ್ಕಳು ದೂರದಲ್ಲಿ ನಿಂತು ಅದನ್ನು ಆಡಿಸುತ್ತಾರೆ.

2025ರ ಫೆಬ್ರುವರಿಯಿಂದ ಏಪ್ರಿಲ್ ಕೊನೆಯವರೆಗೆ ನಾನು ಡೆಟ್ರಾಯಿಟ್ ಹೊರವಲಯದಲ್ಲಿರುವ ನನ್ನ ತಮ್ಮನ ಮನೆಯಲ್ಲಿದ್ದೆ. ಆ ಕಡೆಯ ಎಷ್ಟೋ ಕನ್ನಡಿಗರಂತೆ ಅವನದೂ ಕಾರಿನ ಉದ್ಯೋಗವೇ. ಅವನ ಮಗಳು ಎಂಟನೆಯ ತರಗತಿಯಲ್ಲಿದ್ದಳು. ಅಲ್ಲಿ ಹೈಸ್ಕೂಲು ಎಂದರೆ ಒಂಬತ್ತರಿಂದ ಹನ್ನೆರಡರವರೆಗೆ, ನಾಲ್ಕು ವರ್ಷ. ಆ ನಾಲ್ಕು ವರ್ಷ ಯಾವ ರೋಬೋ ಸ್ಪರ್ಧೆಗೆ ಸೇರಬೇಕು ಎನ್ನುವುದು ಆ ಮನೆಯ ಆಗಿನ ದೊಡ್ಡ ಪ್ರಶ್ನೆಯಾಗಿತ್ತು. ಶಾಲೆಯಲ್ಲೊಂದು ದೊಡ್ಡ ತಂಡವಿತ್ತು. ಅದು ಫಸ್ಟ್ ರೋಬೋಟಿಕ್ಸ್ ಕಾಂಪಿಟಿಶನ್, ಅಲ್ಲಿನವರ ಬಾಯಲ್ಲಿ ಎಫ್.ಆರ್.ಸಿ. ಮನೆಯ ಸಮೀಪ ಐದಾರು ಮಕ್ಕಳು ಸೇರಿ ಒಬ್ಬರ ಗ್ಯಾರೇಜಿನಲ್ಲಿ ನಡೆಸುತ್ತಿದ್ದ ಚಿಕ್ಕ ತಂಡವೂ ಇತ್ತು. ಅವರದು ವೆಕ್ಸ್ ಎಂಬ ಇನ್ನೊಂದು ಸ್ಪರ್ಧೆ.

ತಮ್ಮನದು ದೊಡ್ಡದರ ಪಕ್ಷ. "ಅಣ್ಣ, ನಾಳೆ ಕಾಲೇಜಿಗೆ ಅರ್ಜಿ ಹಾಕುವಾಗ ಇದರ ತೂಕವೇ ಬೇರೆ. ನಮ್ಮ ಕಂಪನಿಯ ಎಂಜಿನಿಯರುಗಳೇ ಹೋಗಿ ಹೇಳಿಕೊಡ್ತಾರೆ" ಎಂದ. ಅವನ ಹೆಂಡತಿಗೆ ಅದು ಸರಿಬರಲಿಲ್ಲ. "ಭಾವ, ಜನವರಿಯಿಂದ ಏಪ್ರಿಲ್‌ವರೆಗೆ ಈ ಹುಡುಗಿ ಮನೇಲಿ ರಾತ್ರಿ ಊಟ ಮಾಡೋದು ಯಾವಾಗ ಅಂತ ನೀವೇ ಅವರನ್ನ ಕೇಳಿ" ಎಂದಳು. ಹುಡುಗಿ ಇಬ್ಬರಿಗೂ ಉತ್ತರಿಸದೆ ತಟ್ಟೆ ನೋಡುತ್ತಿದ್ದಳು. ನಾನು ವಿಜ್ಞಾನದ ಮೇಷ್ಟ್ರಾದ್ದರಿಂದ ತೀರ್ಪು ನನ್ನ ಪಾಲಿಗೆ ಬಂತು. ನೋಡದೆ ಹೇಳುವುದು ಹೇಗೆ? ಹೋಗಿ ನೋಡಿಕೊಂಡೇ ಬರೋಣ ಎಂದೆ. ಹೀಗೆ, ನಯಾಗರ ನೋಡಬೇಕಾಗಿದ್ದ ನಾನು ಶಾಲೆಗಳ ವ್ಯಾಯಾಮಶಾಲೆಗಳನ್ನು ಸುತ್ತುವಂತಾಯಿತು.

ಜಿಮ್ಮಿನಿಂದ ಕ್ರೀಡಾಂಗಣಕ್ಕೆ, ಮತ್ತೆ ಜಿಮ್ಮಿಗೆ

ಈ ಆಟದ ಕಥೆ ಶುರುವಾಗುವುದು ಮಿಶಿಗನ್‌ನಲ್ಲಲ್ಲ, ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್‌ನಲ್ಲಿ. ವೈದ್ಯಕೀಯ ಉಪಕರಣಗಳನ್ನು ರೂಪಿಸಿ ಹೆಸರಾದ ಡೀನ್ ಕಾಮೆನ್ ಎಂಬ ಸಂಶೋಧಕರು 1989ರಲ್ಲಿ ಫಸ್ಟ್ ಸಂಸ್ಥೆಯನ್ನು ಕಟ್ಟಿದರು. ಬಾಸ್ಕೆಟ್‌ಬಾಲ್ ಆಟಗಾರನಿಗೆ ಸಿಗುವ ಚಪ್ಪಾಳೆ ಲೆಕ್ಕ ಮಾಡುವ ಹುಡುಗನಿಗೂ ಸಿಗಬೇಕೆಂಬುದು ಅವರ ಹಟ. 1992ರಲ್ಲಿ ಅಲ್ಲಿನ ಒಂದು ಹೈಸ್ಕೂಲಿನ ಜಿಮ್ಮಿನಲ್ಲಿ 28 ತಂಡಗಳ ಮೊದಲ ಸ್ಪರ್ಧೆ ನಡೆಯಿತು. ಎಂ.ಐ.ಟಿ.ಯ ಪ್ರಾಧ್ಯಾಪಕ ವುಡಿ ಫ್ಲವರ್ಸ್ ಈ ಆಟಕ್ಕೊಂದು ನಡತೆಯ ಪಾಠ ಕಲಿಸಿದರು. ಎದುರಾಳಿಯನ್ನು ಗೆಲ್ಲಲು ಜೀವಬಿಟ್ಟು ಹೋರಾಡಬೇಕು, ಆದರೆ ಅವನ ಯಂತ್ರ ಕೆಟ್ಟರೆ ನಿನ್ನ ಸ್ಪ್ಯಾನರ್ ಅವನಿಗೆ ಕೊಡಬೇಕು ಎಂಬುದು ಆ ಪಾಠ. 2019ರಲ್ಲಿ ಅವರು ತೀರಿಕೊಂಡರು. ಪಾಠ ಈಗಲೂ ನಡೆಯುತ್ತಿದೆ.

ಮುಂದೆ ಸ್ಪರ್ಧೆ ಬೆಳೆಯಿತು. ಅದರ ಅಂತಿಮ ಹಂತ ಡಿಸ್ನಿಯ ಎಪ್‌ಕಾಟ್‌ಗೆ, ಆಮೇಲೆ ಹ್ಯೂಸ್ಟನ್, ಅಟ್ಲಾಂಟಾ, ಸೇಂಟ್ ಲೂಯಿಗಳ ಭಾರೀ ಕ್ರೀಡಾಂಗಣಗಳಿಗೆ ಹೋಯಿತು. ಪ್ರಾದೇಶಿಕ ಸ್ಪರ್ಧೆಗಳೂ ದೊಡ್ಡ ದೊಡ್ಡ ಸಭಾಂಗಣಗಳನ್ನೇ ಬಯಸಿದವು. ಹೆಸರು ನೋಂದಾಯಿಸಲು ಸಾವಿರಾರು ಡಾಲರು ಕಟ್ಟಿದ ಶಾಲೆಗೆ ಅದರಲ್ಲಿ ಸಿಗುತ್ತಿದ್ದುದು ಒಂದೇ ಪ್ರಾದೇಶಿಕ ಕೂಟ, ಎಂಟು ಹತ್ತು ಆಟ. ಆ ಮೂರು ದಿನಗಳಲ್ಲಿ ಮೋಟಾರು ಸುಟ್ಟುಹೋದರೆ ವರ್ಷದ ದುಡಿಮೆ ಮುಗಿದಂತೆಯೇ.

ಇದನ್ನು ಮೊದಲು ಬದಲಾಯಿಸಿದ್ದು ಮಿಶಿಗನ್. ಕಾರು ಕಂಪನಿಗಳ ಕೈ ಬರಿದಾಗಿದ್ದ ಅದೇ 2009ರಲ್ಲಿ ಈ ರಾಜ್ಯದ ಸಂಘಟಕರು ಸ್ಪರ್ಧೆಯನ್ನು ಸಭಾಂಗಣಗಳಿಂದ ಕಿತ್ತು ಹೈಸ್ಕೂಲು ಜಿಮ್ಮುಗಳಿಗೆ ತಂದರು. ಅದೇ ಶುಲ್ಕಕ್ಕೆ ಪ್ರತಿ ತಂಡಕ್ಕೂ ಒಂದರ ಬದಲು ಎರಡು ಕೂಟ, ಕೂಟಕ್ಕೆ ಹನ್ನೆರಡು ಆಟ. ಅಲ್ಲಿ ಗಳಿಸಿದ ಅಂಕಗಳ ಮೇಲೆ ರಾಜ್ಯಮಟ್ಟಕ್ಕೆ, ಅಲ್ಲಿಂದ ವಿಶ್ವಮಟ್ಟಕ್ಕೆ. ಇದನ್ನು ಅವರು ಡಿಸ್ಟ್ರಿಕ್ಟ್ ಪದ್ಧತಿ ಎನ್ನುತ್ತಾರೆ. ನಮಗಿದು ಹೊಸತಲ್ಲ. ಹೋಬಳಿ ಮಟ್ಟದಲ್ಲಿ ಓಡಿ, ತಾಲ್ಲೂಕು ಮಟ್ಟದಲ್ಲಿ ಗೆದ್ದು, ಜಿಲ್ಲಾ ಮಟ್ಟಕ್ಕೆ ಹೋಗುವ ನಮ್ಮ ಶಾಲಾ ಕ್ರೀಡಾಕೂಟದ ಮೆಟ್ಟಿಲೇ ಇದು. ಹೋಬಳಿ ಮಟ್ಟದ ಕ್ರೀಡಾಕೂಟದ ಗುಣವೇನೆಂದು ನಮ್ಮ ಮೇಷ್ಟ್ರುಗಳಿಗೆಲ್ಲ ಗೊತ್ತು. ಅಲ್ಲಿಗೆ ಬರಿಗಾಲಿನ ಹುಡುಗನೂ ಬರುತ್ತಾನೆ, ಅವನ ಅಪ್ಪ ಅಮ್ಮನೂ ಬೇಲಿಯಾಚೆ ನಿಂತು ನೋಡುತ್ತಾರೆ.

ಫಲವೇನಾಯಿತು? 2009ರಲ್ಲಿ ನೂರನ್ನು ಸ್ವಲ್ಪ ದಾಟಿದ್ದ ಮಿಶಿಗನ್ ತಂಡಗಳ ಸಂಖ್ಯೆ 2018ರ ಹೊತ್ತಿಗೆ 500 ದಾಟಿತು. ಅಮೆರಿಕದ ಬೇರಾವ ರಾಜ್ಯದಲ್ಲೂ ಅಷ್ಟಿರಲಿಲ್ಲ. ರಾಜ್ಯ ಸರ್ಕಾರವೂ ಶಾಲೆಗಳಿಗೆ ಅನುದಾನ ಕೊಡತೊಡಗಿತು. 2012ರಿಂದ ಮುಂದೆ ಬೇರೆ ಪ್ರಾಂತಗಳೂ ಒಂದೊಂದಾಗಿ ಈ ಪದ್ಧತಿಯನ್ನೇ ಹಿಡಿದವು. ಜಿಮ್ಮಿನಲ್ಲಿ ಹುಟ್ಟಿ ಕ್ರೀಡಾಂಗಣ ಸೇರಿದ ಆಟ ಹೀಗೆ ಮತ್ತೆ ಜಿಮ್ಮಿಗೆ ಬಂತು.

ಚಿಕ್ಕ ಅಂಕಣ, ಚಿಕ್ಕ ತಂಡ

ನಾವು ಮೊದಲು ನೋಡಿದ್ದು ವೆಕ್ಸ್ ಕೂಟ. ಟೆಕ್ಸಾಸ್ ರಾಜ್ಯದ ಗ್ರೀನ್‌ವಿಲ್ ಎಂಬ ಊರಿನ ಕಂಪನಿಯೊಂದು ತಯಾರಿಸುವ ಬಿಡಿಭಾಗಗಳಿಂದಲೇ ಇಲ್ಲಿ ರೋಬೋ ಕಟ್ಟಬೇಕು. ತೂತುಗಳಿರುವ ಲೋಹದ ಪಟ್ಟಿ, ಹಲ್ಲುಚಕ್ರ, ಚೈನು, ತಿರುಪು ಇವೆಲ್ಲ ಪೆಟ್ಟಿಗೆಯಲ್ಲಿ ಬರುತ್ತವೆ. ಅಂಕಣ ಹನ್ನೆರಡು ಅಡಿಗೆ ಹನ್ನೆರಡು ಅಡಿ, ನಮ್ಮ ಕಡೆಯ ಒಂದು ಕೋಣೆಯಷ್ಟು. ರೋಬೋ ಆಟ ಶುರುವಾಗುವಾಗ ಹದಿನೆಂಟು ಅಂಗುಲದ ಘನದೊಳಗೆ ಅಡಗುವಂತಿರಬೇಕು. ಇಬ್ಬರ ಮೇಲೆ ಇಬ್ಬರಂತೆ ಎರಡು ನಿಮಿಷದ ಆಟ. ಆ ವರ್ಷದ ಆಟದಲ್ಲಿ ಕೆಂಪು, ನೀಲಿ ಉಂಗುರಗಳನ್ನು ಗೂಟಗಳಿಗೆ ತೊಡಿಸಬೇಕಿತ್ತು. ಕೊನೆಯಲ್ಲಿ ನಡುವಿನ ಏಣಿಯನ್ನು ಹತ್ತಿದರೆ ಹೆಚ್ಚಿನ ಅಂಕ.

ಒಂದೇ ಶಾಲೆಯಿಂದ ಹಲವು ತಂಡಗಳು ಬಂದಿದ್ದವು. ಸಂಖ್ಯೆ ಒಂದೇ, ಮುಂದಿನ ಅಕ್ಷರ ಮಾತ್ರ ಎ, ಬಿ, ಸಿ ಎಂದು ಬೇರೆ. ತಂಡಕ್ಕೆ ನಾಲ್ಕೈದು ಮಕ್ಕಳು. ನೋಂದಣಿಗೆ ಕೆಲವು ನೂರು ಡಾಲರು ಸಾಕು. ಬಿಡಿಭಾಗಗಳಿಗೆ ಒಮ್ಮೆ ಹೆಚ್ಚು ಹಣ ಹಾಕಬೇಕಾದರೂ ಅವು ಮರುವರ್ಷ ಬಿಚ್ಚಿ ಮತ್ತೆ ಕಟ್ಟಲು ಬರುತ್ತವೆ. ಇನ್ನೊಂದು ಕಟ್ಟಳೆ ನನಗೆ ಬಹಳ ಹಿಡಿಸಿತು. ರೋಬೋ ಕಟ್ಟುವುದು, ಅದಕ್ಕೆ ಪ್ರೋಗ್ರಾಮ್ ಬರೆಯುವುದು ಮಕ್ಕಳದೇ ಕೆಲಸ. ದೊಡ್ಡವರು ಹೇಳಿಕೊಡಬಹುದು, ಕೈಹಾಕುವಂತಿಲ್ಲ. ಮಕ್ಕಳು ತಾವು ಮಾಡಿದ್ದನ್ನು, ಕೆಡಿಸಿದ್ದನ್ನು, ಮತ್ತೆ ಮಾಡಿದ್ದನ್ನು ದಿನಚರಿಯಂತೆ ಪುಸ್ತಕದಲ್ಲಿ ಬರೆದಿಡಬೇಕು. ಆ ಪುಸ್ತಕಕ್ಕೂ ಬಹುಮಾನವುಂಟು. ನಮ್ಮ ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕ ನೆನಪಾಯಿತು. ವ್ಯತ್ಯಾಸವೆಂದರೆ ಇಲ್ಲಿ ತಪ್ಪಿದ ಪ್ರಯೋಗವನ್ನೂ ಬರೆಯುತ್ತಾರೆ.

ಒಂದು ಆಟದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ರೋಬೋದ ಚೈನು ಕಳಚಿ ಯಂತ್ರ ನಿಂತುಬಿಟ್ಟಿತು. ಉಳಿದ ಒಂದೂಕಾಲು ನಿಮಿಷ ಅವಳು ಆಡಿಸುವ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದಳು. ಆಮೇಲೆ ಮೇಜಿಗೆ ಬಂದು, ಚೈನಿನ ಒಂದು ಕೊಂಡಿ ತೆಗೆದು ಬಿಗಿಮಾಡಿ, ಬಾಗಿದ ಅಚ್ಚನ್ನು ಬದಲಿಸಿದಳು. ನಲವತ್ತು ನಿಮಿಷದ ನಂತರ ಮತ್ತೆ ಆಡಿದಳು. ಪಕ್ಕದಲ್ಲೇ ನಿಂತಿದ್ದ ಅವಳ ಅಪ್ಪ ಕೈಗಳನ್ನು ಜೇಬಿನೊಳಗೆ ಬಿಗಿಯಾಗಿ ತುರುಕಿಕೊಂಡಿದ್ದರು. ಆ ಕೈಗಳನ್ನು ಹೊರತೆಗೆಯದಿರಲು ಅವರು ಪಟ್ಟ ಕಷ್ಟವನ್ನು ನಾನು ಕಣ್ಣಾರೆ ಕಂಡೆ.

ಪುಸ್ತಕದ ಸೂತ್ರ ಕೈಗಾಡಿಯ ಮೇಲೆ

ಮಾರ್ಚ್‌ನಲ್ಲಿ ನೋಡಿದ ಎಫ್.ಆರ್.ಸಿ. ಕೂಟದಲ್ಲಿ ಎಲ್ಲವೂ ದೊಡ್ಡದು. ಅಂಕಣವೇ ಹೆಚ್ಚುಕಡಿಮೆ ಬಾಸ್ಕೆಟ್‌ಬಾಲ್ ಅಂಗಳದ ಬಹುಪಾಲನ್ನು ತುಂಬುತ್ತದೆ. ರೋಬೋ ಬ್ಯಾಟರಿ, ಬಂಪರುಗಳನ್ನು ಬಿಟ್ಟೇ 52 ಕಿಲೋವರೆಗೆ ತೂಗಬಹುದಿತ್ತು. ಮೂವರ ಮೇಲೆ ಮೂವರು, ಎರಡೂವರೆ ನಿಮಿಷ. 2025ರ ಆಟಕ್ಕೆ ಸಮುದ್ರದ ಹವಳದ ದಿಬ್ಬವೇ ವಸ್ತು. ಬಿಳಿಯ ಪಿ.ವಿ.ಸಿ. ಕೊಳವೆಯ ತುಂಡುಗಳನ್ನು ಆರು ಮೂಲೆಯ ದಿಬ್ಬದ ಕೊಂಬೆಗಳಿಗೆ ಸಿಕ್ಕಿಸಬೇಕು, ಪಾಚಿಯೆಂದು ಹೆಸರಿಟ್ಟ ಚೆಂಡುಗಳನ್ನು ತೆಗೆದುಹಾಕಬೇಕು, ಕೊನೆಗೆ ತೂಗುಹಾಕಿದ ಪಂಜರವನ್ನು ಹಿಡಿದು ನೆಲಬಿಟ್ಟು ನೇತಾಡಬೇಕು. ಜನವರಿಯ ಮೊದಲ ಶನಿವಾರಗಳಲ್ಲೊಂದರಂದು ಆಟದ ನಿಯಮ ಪ್ರಕಟವಾಗುತ್ತದೆ. ಮಾರ್ಚ್ ಹೊತ್ತಿಗೆ ಯಂತ್ರ ಸಿದ್ಧವಿರಬೇಕು. ಇಲ್ಲಿ ಪೆಟ್ಟಿಗೆಯ ಭಾಗಗಳಷ್ಟೇ ಎಂಬ ಕಟ್ಟುಪಾಡಿಲ್ಲ. ಲೇತಿನಲ್ಲಿ ಕಡೆಯಬಹುದು, ಹಲಗೆ ಕೊಯ್ಯಬಹುದು, ಬೆಸೆಯಬಹುದು. ಕಾರು ಕಂಪನಿಯ ಎಂಜಿನಿಯರು ಹುಡುಗರ ಜೊತೆ ನಿಂತು ತಾನೂ ಸ್ಪ್ಯಾನರ್ ಹಿಡಿಯಬಹುದು. ಕಸುಬುದಾರನ ಪಕ್ಕದಲ್ಲಿ ನಿಂತು ನೋಡಿ ಕಲಿಯಬೇಕೆಂಬುದೇ ಈ ಸ್ಪರ್ಧೆಯ ತತ್ವ. ಬಡಗಿಯ ಮಗ ಬಡಗಿಯಾದದ್ದೂ ಹೀಗೆಯೇ ಅಲ್ಲವೆ? ವೆಚ್ಚ ಮಾತ್ರ ಭಾರಿ. ನೋಂದಣಿಯೇ ಆರು ಸಾವಿರ ಡಾಲರಿನ ಆಸುಪಾಸು.

ಪ್ರೇಕ್ಷಕರಿಗೆ ಪ್ರವೇಶ ಉಚಿತ. ಆದರೆ ಗ್ಯಾಲರಿಯಲ್ಲಿ ಕುಳಿತವನಿಗೆ ಅರ್ಧ ಆಟವಷ್ಟೇ ಕಾಣುತ್ತದೆ. ಉಳಿದರ್ಧ ನಡೆಯುವುದು ಪಿಟ್ ಎಂದು ಅವರು ಕರೆಯುವ ದುರಸ್ತಿ ಅಂಗಳದಲ್ಲಿ. ಸುರಕ್ಷತಾ ಕನ್ನಡಕ ಹಾಕಿಕೊಂಡು ಯಾರು ಬೇಕಾದರೂ ಒಳಗೆ ಹೋಗಬಹುದು. ಸುಮಾರು ಹತ್ತಡಿ ಉದ್ದಗಲದ ಮಳಿಗೆಗಳ ಸಾಲು, ನಮ್ಮ ಸಂತೆಯ ಹಾಗೆ. ಇಂಥ ತಂಡಕ್ಕೆ ಇಂಥ ಅಳತೆಯ ಬೋಲ್ಟು ಬೇಕಾಗಿದೆ ಎಂದು ಧ್ವನಿವರ್ಧಕದಲ್ಲಿ ಕೂಗಿದರೆ, ಮುಂದಿನ ಆಟದಲ್ಲಿ ಅವರನ್ನೇ ಎದುರಿಸಬೇಕಾದ ತಂಡದ ಹುಡುಗ ಅದನ್ನು ಹಿಡಿದು ಓಡುತ್ತಾನೆ.

ತಮ್ಮನ ಮಗಳು ತಾನು ಸೇರಬಹುದಾಗಿದ್ದ ತಂಡದ ಮಳಿಗೆಗೆ ಹೋಗಿ, ಒಂಬತ್ತನೆಯ ತರಗತಿಯವರನ್ನೇ ಹುಡುಕಿ, ಒಂದೇ ಪ್ರಶ್ನೆ ಕೇಳುತ್ತ ಬಂದಳು: ಈ ವಾರ ನೀನು ಏನು ಕೆಲಸ ಮಾಡಿದೆ? ಒಬ್ಬ ಹುಡುಗ ಬಂಪರಿಗೆ ಬಟ್ಟೆ ಹೊದಿಸಿದ್ದ. ಇನ್ನೊಬ್ಬಳು ಗ್ಯಾಲರಿಯಲ್ಲಿ ಕುಳಿತು ಬೇರೆ ತಂಡಗಳ ಆಟವನ್ನು ಬರೆದುಕೊಳ್ಳುತ್ತಿದ್ದಳು. ಮೂರನೆಯವಳು, "ನನ್ನದು ಬ್ಯಾಟರಿ" ಎಂದಳು.

ಈ ಬ್ಯಾಟರಿಯ ಹುಡುಗಿ ನನ್ನನ್ನು ಅಲ್ಲೇ ಕಟ್ಟಿಹಾಕಿದಳು. ಒಂದು ಕೈಗಾಡಿಯ ಮೇಲೆ ಎಂಟು ಹತ್ತು ಬ್ಯಾಟರಿಗಳು. ಒಂದೊಂದೂ 12 ವೋಲ್ಟ್, 18 ಆಂಪಿಯರ್-ಗಂಟೆಯದು, ಸುಮಾರು ಆರು ಕಿಲೋ ತೂಕದ್ದು. ಪ್ರತಿಯೊಂದರ ಮೇಲೂ ಒಂದು ಚೀಟಿ, ಚೀಟಿಯಲ್ಲಿ ಆಂತರಿಕ ರೋಧ. ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸೂತ್ರವಿದೆ. ಬ್ಯಾಟರಿಯ ತುದಿಗಳಲ್ಲಿ ಸಿಗುವ ವೋಲ್ಟೇಜು ಅದರ ವಿದ್ಯುಚ್ಚಾಲಕ ಬಲಕ್ಕಿಂತ ಕಡಿಮೆ. ಎಷ್ಟು ಕಡಿಮೆ ಎಂದರೆ, ಹರಿಯುವ ವಿದ್ಯುತ್ತನ್ನು ಆಂತರಿಕ ರೋಧದಿಂದ ಗುಣಿಸಿದಷ್ಟು. ಎಷ್ಟೋ ವರ್ಷಗಳಿಂದ ಇದನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತ ಬಂದಿದ್ದೇನೆ. ಮಕ್ಕಳು ನಾಲ್ಕು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಾರೆ. ಇಲ್ಲಿ ಅದರ ಮೇಲೆ ಒಂದು ಪಂದ್ಯವೇ ನಿಂತಿತ್ತು. ಎಲ್ಲ ಮೋಟಾರುಗಳೂ ಒಮ್ಮೆಲೇ ಎಳೆದಾಗ ರೋಬೋ 200 ಆಂಪಿಯರ್ ಬೇಡಬಹುದು. ಬ್ಯಾಟರಿಯ ಆಂತರಿಕ ರೋಧ 0.02 ಓಮ್ ಆಗಿದ್ದರೆ ನಾಲ್ಕು ವೋಲ್ಟು ಒಳಗೇ ಕರಗಿ, ಹೊರಗೆ ಎಂಟು ಉಳಿಯುತ್ತದೆ. ಆಟ ನಡೆಯುತ್ತದೆ. ಬ್ಯಾಟರಿ ಹಳತಾಗಿ ರೋಧ 0.03 ಆಗಿದ್ದರೆ ಆರು ವೋಲ್ಟು ಹೋಗಿ ಆರೇ ಉಳಿಯುತ್ತದೆ. ಏಳರ ಕೆಳಗೆ ಇಳಿಯಿತೆಂದರೆ ರೋಬೋದ ಮಿದುಳು ತನ್ನ ಜೀವ ಉಳಿಸಿಕೊಳ್ಳಲು ಮೋಟಾರುಗಳಿಗೆ ವಿದ್ಯುತ್ ತಡೆಹಿಡಿಯುತ್ತದೆ. ಯಂತ್ರ ಅಂಕಣದ ನಡುವೆ ಮುಗ್ಗರಿಸುತ್ತದೆ. 0.01 ಓಮಿನ ವ್ಯತ್ಯಾಸಕ್ಕೆ ಇಷ್ಟು ಬೆಲೆ! "ಈ ಮೂರನ್ನು ಅಭ್ಯಾಸಕ್ಕೆ ಮಾತ್ರ ಕೊಡ್ತೀನಿ. ಪಂದ್ಯಕ್ಕೆ ಯಾರು ಕೇಳಿದರೂ ಕೊಡಲ್ಲ" ಎಂದು ಆ ಹದಿನಾಲ್ಕು ವರ್ಷದವಳು ಖಡಾಖಂಡಿತವಾಗಿ ಹೇಳಿದಳು. ತಂಡದ ನಾಯಕ ಹನ್ನೆರಡನೆಯ ತರಗತಿಯವನು. ಅವನೂ ಅವಳ ಮಾತು ಮೀರುವಂತಿರಲಿಲ್ಲ.

ಸಮ್ಮಿಶ್ರ ಸರ್ಕಾರ

ಮಧ್ಯಾಹ್ನದ ನಂತರ ನಡೆಯುವ ಒಂದು ವಿಧಿಯನ್ನು ಹೇಳಲೇಬೇಕು. ನಲವತ್ತು ತಂಡಗಳು ಹನ್ನೆರಡು ಹನ್ನೆರಡು ಆಟ ಆಡಿದರೆ, ಆಟಕ್ಕೆ ಆರು ತಂಡಗಳಂತೆ ಎಂಬತ್ತು ಪಂದ್ಯ. ಅವು ಮುಗಿದ ಮೇಲೆ ಮೊದಲ ಎಂಟು ಸ್ಥಾನದವರು ತಮ್ಮ ಜೊತೆಗಾರರನ್ನು ತಾವೇ ಆರಿಸಿಕೊಂಡು ಮೈತ್ರಿಕೂಟ ಕಟ್ಟುತ್ತಾರೆ. ನಮಗೆ ಚೆನ್ನಾಗಿ ಗೊತ್ತಿರುವ ಸಮ್ಮಿಶ್ರ ಸರ್ಕಾರದ ಹಾಗೆಯೇ. ಇಲ್ಲಿ ಸ್ಥಾನಕ್ಕಿಂತ ನಂಬಿಕೆ ದೊಡ್ಡದು. ಮೂವತ್ತನೆಯ ಸ್ಥಾನದ ತಂಡವೊಂದನ್ನು ನಾಯಕ ತಂಡ ಕರೆಯಿತು. ಜಿಮ್ಮಿಗೆ ಜಿಮ್ಮೇ ಚಪ್ಪಾಳೆ ತಟ್ಟಿತು. ಏಕೆಂದರೆ ಬೆಳಗಿನಿಂದ ಗ್ಯಾಲರಿಯಲ್ಲಿ ಕುಳಿತು ಬರೆದುಕೊಂಡ ಮಕ್ಕಳ ಪುಸ್ತಕಗಳಲ್ಲಿ ಆ ತಂಡದ ಹೆಸರಿನ ಮುಂದೆ, ಹನ್ನೆರಡು ಆಟದಲ್ಲಿ ಒಮ್ಮೆಯೂ ನಿಂತಿಲ್ಲ ಎಂದಿತ್ತಂತೆ. ಬರೆದುಕೊಳ್ಳುವ ಕೆಲಸ ಎಂದು ನಾನು ಹಗುರವಾಗಿ ಹೇಳಿದ್ದರ ಬೆಲೆ ಆಗ ಕಂಡಿತು. ಕೂಟದ ಅತಿದೊಡ್ಡ ಪ್ರಶಸ್ತಿಯೂ ಗೆದ್ದ ಯಂತ್ರಕ್ಕಲ್ಲ. ತನ್ನ ಊರಿಗೆ ವಿಜ್ಞಾನವನ್ನು ಹೆಚ್ಚು ತಲುಪಿಸಿದ ತಂಡಕ್ಕೆ ಅದು ಸಲ್ಲುತ್ತದೆ.

ಹೆದ್ದಾರಿ ಹಿಡಿದು ಉತ್ತರಕ್ಕೆ

ಏಪ್ರಿಲ್‌ನಲ್ಲಿ ನಾವು ಎಪ್ಪತ್ತೈದನೆಯ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟೆವು. ಆ ದಾರಿಯೇ ಈ ಆಟದ ಭೂಪಟ. ಮೊದಲು ಸಿಗುವುದು ಪಾಂಟಿಯಾಕ್. ಆ ಹೆಸರಿನ ಕಾರು ಈಗ ತಯಾರಾಗುವುದಿಲ್ಲ. ಆದರೆ ಎಫ್.ಆರ್.ಸಿ.ಯ ಒಂದನೆಯ ಸಂಖ್ಯೆಯ ತಂಡ ಆ ಊರಿನದು. ತಂಡದ ಸಂಖ್ಯೆ ಬದಲಾಗುವುದಿಲ್ಲವಾದ್ದರಿಂದ, ಸಂಖ್ಯೆ ಚಿಕ್ಕದಾಗಿದ್ದರೆ ತಂಡ ಸಾಮಾನ್ಯವಾಗಿ ಹಳೆಯದೆಂದು ತಿಳಿಯಬೇಕು. ಪಶ್ಚಿಮಕ್ಕೆ ತಿರುಗಿದರೆ ನೊವೈ ಎಂಬ ಊರಿದೆ. ಅಲ್ಲಿನ 503ನೆಯ ತಂಡ 2005ರಲ್ಲಿ ವಿಶ್ವಮಟ್ಟದಲ್ಲಿ ಗೆದ್ದ ಮೈತ್ರಿಕೂಟದಲ್ಲಿತ್ತು. ಮುಂದೆ ಫ್ಲಿಂಟ್. ಒಂದು ಕಾಲಕ್ಕೆ ಜನರಲ್ ಮೋಟಾರ್ಸ್‌ನ ತರಬೇತಿ ಶಾಲೆಯಾಗಿದ್ದ ಕೆಟರಿಂಗ್ ವಿಶ್ವವಿದ್ಯಾಲಯ 2014ರಲ್ಲಿ ಅಲ್ಲಿ ಹಲವು ಹೈಸ್ಕೂಲು ತಂಡಗಳು ಒಂದೇ ಸೂರಿನಡಿ ಕೆಲಸ ಮಾಡುವ ಕೇಂದ್ರ ತೆರೆಯಿತು. ಇನ್ನೂ ಮುಂದೆ ಸ್ಯಾಗಿನಾ ಕಣಿವೆಯ ವಿಶ್ವವಿದ್ಯಾಲಯ. ರಾಜ್ಯಮಟ್ಟದ ಸ್ಪರ್ಧೆಗೆ 160 ತಂಡಗಳು ಬರುವುದು, ನಾಲ್ಕು ಅಂಕಣಗಳಲ್ಲಿ ಒಟ್ಟಿಗೇ ಆಡುವುದು ಅಲ್ಲಿಯೇ.

ನಮ್ಮ ಗುರಿ ಇನ್ನೂ ಆಚೆಗಿನ ಅಲ್ಪೀನಾ. ಡೆಟ್ರಾಯಿಟಿನಿಂದ ಸುಮಾರು ನಾಲ್ಕು ಗಂಟೆ ಪ್ರಯಾಣ. ಕೊನೆಯ ದಾರಿಯಲ್ಲಿ ಬಲಕ್ಕೆ ಹ್ಯೂರಾನ್ ಸರೋವರ ಸಮುದ್ರದಂತೆ ಹಬ್ಬಿದೆ. ಊರ ಮುಂದಿನ ಥಂಡರ್ ಬೇ ಕೊಲ್ಲಿಯಲ್ಲಿ ಮಂಜು, ಬಿರುಗಾಳಿಗೆ ಸಿಕ್ಕು ಮುಳುಗಿದ ಹಡಗುಗಳ ರಾಶಿಯೇ ಇದೆ. ಗುರುತಿಸಿದವೇ ನೂರರ ಹತ್ತಿರ. ತಣ್ಣನೆಯ ಸಿಹಿನೀರಿನಲ್ಲಿ ಮರ ಬೇಗ ಕೊಳೆಯುವುದಿಲ್ಲವಾದ್ದರಿಂದ ಎಷ್ಟೋ ಹಡಗುಗಳು ಮುಳುಗಿದ ದಿನದಂತೆಯೇ ಇವೆ. 2000ದಲ್ಲಿ ಆ ನೀರನ್ನು ರಾಷ್ಟ್ರೀಯ ಅಭಯಧಾಮವೆಂದು ಘೋಷಿಸಿದರು. ಹಳೆಯ ಕಾಗದದ ಗಿರಣಿಯ ಕಟ್ಟಡದಲ್ಲಿ ಒಂದು ವಸ್ತುಸಂಗ್ರಹಾಲಯವಿದೆ, ಪ್ರವೇಶ ಉಚಿತ. ಅದರೊಳಗೆ ಕಟ್ಟಿನಿಲ್ಲಿಸಿದ ಹಾಯಿಹಡಗಿನ ಮೇಲೆ ಹತ್ತಿ ಬಿರುಗಾಳಿಯ ಅನುಭವ ಪಡೆಯಬಹುದು.

ಈ ಊರಿನಲ್ಲಿ ಪ್ರತಿವರ್ಷ ನಡೆಯುವ ಮೇಟ್ ಎಂಬ ಸ್ಪರ್ಧೆಯಲ್ಲಿ ರೋಬೋಗಳು ನೀರಿನೊಳಗೆ ಮುಳುಗುತ್ತವೆ. ಪಿ.ವಿ.ಸಿ. ಕೊಳವೆಯ ಚೌಕಟ್ಟು, ದೋಣಿಯ ನೀರು ಹೊರಹಾಕುವ ಪುಟ್ಟ ಪಂಪಿನ ಮೋಟಾರು, ಒಂದು ಕ್ಯಾಮರಾ, ಮೇಲಿನಿಂದ ಇಳಿಬಿಟ್ಟ ತಂತಿ ಇಷ್ಟಿದ್ದರೆ ಆರಂಭಕ್ಕೆ ಸಾಕು. ಮಕ್ಕಳ ತಂಡ ತಾನೊಂದು ಕಂಪನಿಯೆಂಬಂತೆ ತನ್ನ ಯಂತ್ರವನ್ನು ತೀರ್ಪುಗಾರರಿಗೆ ವಿವರಿಸಬೇಕು. 2014ರಲ್ಲಿ ಇದರ ಅಂತರರಾಷ್ಟ್ರೀಯ ಸ್ಪರ್ಧೆಯೇ ಅಲ್ಪೀನಾದಲ್ಲಿ ನಡೆಯಿತು. ಕಾರಿನ ಊರಿನಲ್ಲಿ ಚಕ್ರದ ರೋಬೋ, ಹಡಗು ಮುಳುಗಿದ ಊರಿನಲ್ಲಿ ಮುಳುಗುವ ರೋಬೋ. ಆಯಾ ನೆಲಕ್ಕೆ ಆಯಾ ಬೆಳೆ. ಆದರೆ ಇದಕ್ಕೆ ಸೇರಲು ನಮ್ಮ ಹುಡುಗಿ ನಾಲ್ಕು ಗಂಟೆ ದೂರ ಬರಬೇಕಾಗಿತ್ತು. ತಮ್ಮ, ಅವನ ಹೆಂಡತಿ ಇಬ್ಬರೂ ಒಂದೇ ಮಾತಾಡಿದ್ದು ಇದೊಂದು ವಿಷಯದಲ್ಲಿ ಮಾತ್ರ.

ಆರಿಸುವುದು ಹೇಗೆ?

ಇಷ್ಟೆಲ್ಲ ಸುತ್ತಿದ ಮೇಲೆ ನನಗೆ ತೋರಿದ್ದಿಷ್ಟು. ಯಾವ ಸ್ಪರ್ಧೆ ದೊಡ್ಡದು ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ಕೇಳಬೇಕಾದ್ದು ಬೇರೆ. ಮಗುವಿನ ಕೈಯಲ್ಲಿ ಸ್ಪ್ಯಾನರ್ ಎಷ್ಟು ಹೊತ್ತು ಇರುತ್ತದೆ? ವರ್ಷಕ್ಕೆ ಎಷ್ಟು ಆಟ ಆಡಲು ಸಿಗುತ್ತದೆ? ಸೋತ ಮೇಲೆ ಯಂತ್ರವನ್ನು ತಿದ್ದಿಕೊಂಡು ಮತ್ತೆ ಬರಲು ಅವಕಾಶವಿದೆಯೆ? ಮನೆಯಿಂದ ಎಷ್ಟು ದೂರ? ವಾರಕ್ಕೆ ಎಷ್ಟು ಸಂಜೆ? ದೊಡ್ಡವರ ಕೈ ಎಲ್ಲಿಯವರೆಗೆ ಚಾಚುತ್ತದೆ? ಇವಕ್ಕೆ ಉತ್ತರ ಸಂಸ್ಥೆಗಳ ಹೊಳಪು ಕಾಗದದ ಮೇಲೆ ಸಿಗುವುದಿಲ್ಲ, ದುರಸ್ತಿ ಅಂಗಳದಲ್ಲಿ ಸಿಗುತ್ತದೆ. ಅದೂ ತಂಡದ ನಾಯಕನನ್ನು ಕೇಳಿದರೆ ಸಿಗುವುದಿಲ್ಲ. ತೀರ ಕಿರಿಯರನ್ನು ಕೇಳಬೇಕು. ತಂಡ ತನ್ನ ಕಿರಿಯರಿಗೆ ಏನು ಕೆಲಸ ಕೊಟ್ಟಿದೆ ಎಂಬುದರಲ್ಲೇ ಅದರ ಬಂಡವಾಳ ಬಯಲಾಗುತ್ತದೆ.

ಎರಡೂ ಕಡೆ ಲಾಭವಿದೆ, ಎರಡೂ ಕಡೆ ನಷ್ಟವಿದೆ. ದೊಡ್ಡ ತಂಡದಲ್ಲಿ ಲೇತು ಇದೆ, ಎಂಜಿನಿಯರ ಒಡನಾಟವಿದೆ, ನೂರು ಜನ ಸೇರಿ ಒಂದು ಕೆಲಸ ಮಾಡುವ ಶಿಸ್ತಿದೆ. ಒಂಬತ್ತನೆಯ ತರಗತಿಯವಳಿಗೆ ಮಾತ್ರ ಯಂತ್ರದ ಒಂದು ಮೂಲೆಯಷ್ಟೇ ಸಿಗಬಹುದು. ಆ ಮೂಲೆಯನ್ನೇ ಬ್ಯಾಟರಿಯ ಹುಡುಗಿಯಂತೆ ಸಾಮ್ರಾಜ್ಯ ಮಾಡಿಕೊಳ್ಳುವವರಿಗೆ ಅದಕ್ಕಿಂತ ಒಳ್ಳೆಯ ಶಾಲೆಯಿಲ್ಲ. ಚಿಕ್ಕ ತಂಡದಲ್ಲಿ ಇಡೀ ಯಂತ್ರ ಕೈಗೆ ಬರುತ್ತದೆ. ಆದರೆ ಪೆಟ್ಟಿಗೆಯಲ್ಲಿ ಬಂದ ಭಾಗಗಳ ಆಚೆಗೆ ಕೈ ಹೋಗುವುದಿಲ್ಲ, ಕೇಳಲು ಹಿರಿಯರೂ ಕಡಿಮೆ.

ಅಲ್ಪೀನಾದಿಂದ ಹಿಂದಿರುಗುವಾಗ ಹುಡುಗಿ ತನ್ನ ಅರೆಗನ್ನಡದಲ್ಲಿ ನನ್ನನ್ನು ಕೇಳಿದಳು: "ದೊಡ್ಡಪ್ಪ, ಚೈನು ಬಿದ್ದುಹೋಯ್ತಲ್ಲ, ಆ ಅಕ್ಕ. ದೊಡ್ಡ ಟೀಮಲ್ಲಿ ಆಗಿದ್ರೆ ಅದನ್ನ ಅವಳೇ ಸರಿ ಮಾಡ್ತಿದ್ಲಾ?" ಮೊದಲ ವರ್ಷವಾದ್ದರಿಂದ ಬಹುಶಃ ಇಲ್ಲ, ಹನ್ನೆರಡನೆಯ ತರಗತಿಯವರು ಮಾಡುತ್ತಿದ್ದರು ಎಂದೆ. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, "ಹಾಗಾದ್ರೆ ನಾನು ಮೊದಲು ಚಿಕ್ಕದು ಮಾಡ್ತೀನಿ. ಪೂರ್ತಿ ಒಂದು ಮಾಡ್ಬೇಕು" ಎಂದಳು. ತಮ್ಮ ಕಾರು ಓಡಿಸುತ್ತ ಏನೂ ಹೇಳಲಿಲ್ಲ. ಫ್ಲಿಂಟ್ ದಾಟಿದ ಮೇಲೆ, ಗ್ಯಾರೇಜಿನ ತಂಡ ವಾರದಲ್ಲಿ ಯಾವ ಯಾವ ದಿನ ಸೇರುತ್ತದೆ ಎಂದು ಕೇಳಿದ. ಕಾಲೇಜಿನ ಅರ್ಜಿಯ ಮಾತು ಆ ದಿನ ಮತ್ತೆ ಬರಲಿಲ್ಲ. ಮುಂದೆ ಬಂದೇ ಬರುತ್ತದೆ. ಆಗ ಅವಳು ಉತ್ತರ ಹೇಳಿಕೊಳ್ಳಬೇಕಾಗುತ್ತದೆ.

ನಮ್ಮ ನಾಡಿನಲ್ಲೂ ಈಗ ಇದೇ ಪ್ರಶ್ನೆ ಎದ್ದಿದೆ. ಬೆಂಗಳೂರಿನಲ್ಲಿ ರೋಬೋ ತರಬೇತಿಯ ಫಲಕಗಳು ಬೀದಿಬೀದಿಯಲ್ಲಿವೆ. 2016ರಲ್ಲಿ ಆರಂಭವಾದ ಕೇಂದ್ರದ ಯೋಜನೆಯಡಿ ದೇಶದ ಹತ್ತು ಸಾವಿರ ಶಾಲೆಗಳಿಗೆ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಬಂದಿವೆ. ಉಪಕರಣ ಬಂದ ಮೇಲೆ ಸ್ಪರ್ಧೆಯೂ ಬರಲೇಬೇಕು. ಅದು ದೂರದ ರಾಜಧಾನಿಯ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ನಡೆಯುವುದಾದರೆ ಹೋಗಬಲ್ಲವರು ಕೆಲವರೇ. ನಮ್ಮಲ್ಲಿ ಹೋಬಳಿ, ತಾಲ್ಲೂಕು, ಜಿಲ್ಲೆಯ ಮೆಟ್ಟಿಲು ಆಗಲೇ ಕಟ್ಟಿದ್ದು ಇದೆ. ಕಬಡ್ಡಿ, ಖೊಖೊಗಳ ಜೊತೆ ಅಂಗಳದ ಒಂದು ಮೂಲೆಯಲ್ಲಿ ಹನ್ನೆರಡಡಿಯ ಚೌಕವೊಂದನ್ನು ಸುಣ್ಣದಲ್ಲಿ ಬರೆಯಲು ದೊಡ್ಡ ಖರ್ಚೇನೂ ಬೇಕಾಗಿಲ್ಲ.

ಮಕ್ಕಳು ಅಮೆರಿಕದಲ್ಲಿರುವ ನಮ್ಮ ಹಿರಿಯರು ಅನೇಕರು ಅಲ್ಲಿ ಚಳಿಗೆ ಹೆದರಿ ಮನೆಯೊಳಗೇ ಕುಳಿತು ಬೇಸರಪಡುತ್ತಾರೆ. ಮಾರ್ಚ್ ತಿಂಗಳಲ್ಲಿ ಮಿಶಿಗನ್ ಕಡೆ ಇರುವವರು ಒಂದು ಶನಿವಾರ ಹತ್ತಿರದ ಹೈಸ್ಕೂಲಿನ ಜಿಮ್ಮಿಗೆ ಹೋಗಿಬರಲಿ. ಟಿಕೆಟ್ಟಿಲ್ಲ. ಬಾಗಿಲಲ್ಲಿ ಕೊಡುವ ಕನ್ನಡಕ ಹಾಕಿಕೊಂಡು ದುರಸ್ತಿ ಅಂಗಳಕ್ಕೆ ಹೋಗಿ, ಎಲ್ಲರಿಗಿಂತ ಕಿರಿಯ ಮಗುವನ್ನು ಹುಡುಕಿ, ನಿನ್ನ ಕೆಲಸವೇನೆಂದು ಕೇಳಲಿ. ಭಾಷೆ ಅಷ್ಟಾಗಿ ಬರದಿದ್ದರೂ ಚಿಂತೆಯಿಲ್ಲ. ಮಕ್ಕಳು ಕೈಯಲ್ಲೇ ತೋರಿಸುತ್ತಾರೆ.